ರುಜುವಾತಿಲ್ಲದ ಕ್ಯಾನ್ಸರ್ ಚಿಕಿತ್ಸೆಗಳು

ಕ್ಯಾನ್ಸರನ್ನು ಗುಣಪಡಿಸುತ್ತವೆ ಎಂದು ಹೇಳಿಕೊಂಡು ಚಲಾವಣೆಯಲ್ಲಿರುವ, ಆದರೆ ರೋಗಿಗಳ ಮೇಲೆ ಕ್ರಮವಾದ ಪರೀಕ್ಷೆಗೆ ಒಳಪಡದ ಇಲ್ಲವೆ ಒಳಪಟ್ಟು ಸೋತ ಔಷಧಿಗಳು, ಪಥ್ಯಗಳು ಹಾಗೂ ಉಪಕರಣಗಳು. ಕಷಾಯ, ಮುಲಾಮು, ಹಣ್ಣಿನ ರಸ, ಬೀಜದ ಸಾರ, ಮೂಳೆಯ ಪುಡಿ, ಚುಚ್ಚುಮದ್ದು, ಬಣ್ಣದ ದೀಪ, ತಾಯಿತ ಎಲ್ಲವೂ ಈ ಪಟ್ಟಿಯಲ್ಲಿವೆ. ಶಸ್ತ್ರಚಿಕಿತ್ಸೆ, ಕೀಮೋ, ವಿಕಿರಣಗಳನ್ನು ಬಿಟ್ಟು ಅವುಗಳ ಜಾಗದಲ್ಲಿ ತೆಗೆದುಕೊಳ್ಳುವುದನ್ನು ಪರ್ಯಾಯ ಚಿಕಿತ್ಸೆ ಎಂದೂ, ಅವುಗಳ ಜೊತೆಜೊತೆಗೆ ತೆಗೆದುಕೊಳ್ಳುವುದನ್ನು ಪೂರಕ ಚಿಕಿತ್ಸೆ ಎಂದೂ ಕರೆಯುವ ರೂಢಿಯಿದೆ. ಯೋಗಾಭ್ಯಾಸದಿಂದ ರೋಗಿಯ ಆಯಾಸ ತಗ್ಗುತ್ತದೆ ಎಂಬುದಕ್ಕೆ ಅಧ್ಯಯನಗಳ ಬೆಂಬಲವಿದೆ. ಗಡ್ಡೆ ಕರಗುತ್ತದೆ ಎಂಬುದಕ್ಕೆ ಇಲ್ಲ. ಹೀಗಾಗಿ ಒಂದು ಪದ್ಧತಿಯನ್ನು ಸಾರಾಸಗಟಾಗಿ ಒಪ್ಪುವುದರಿಂದಾಗಲಿ ತಳ್ಳುವುದರಿಂದಾಗಲಿ ಪ್ರಯೋಜನವಿಲ್ಲ. ಅದರ ಹೆಸರಿನಲ್ಲಿ ಏನನ್ನು ಹೇಳಲಾಗುತ್ತಿದೆ ಎಂಬುದನ್ನು ಒಂದೊಂದಾಗಿ ನೋಡಬೇಕಾಗುತ್ತದೆ.

ಇಂಥ ಚಿಕಿತ್ಸೆಗಳ ಚರಿತ್ರೆಯಲ್ಲಿ ದೇಶ, ಕಾಲ, ವಸ್ತು ಬದಲಾದರೂ ಜಗಳದ ಮೂಲ ಬದಲಾಗಿಲ್ಲ. ಎಷ್ಟು ಮಂದಿಗೆ ಕೊಟ್ಟಿರಿ, ಅವರಲ್ಲಿ ಎಷ್ಟು ಮಂದಿ ಉಳಿದರು ಎಂದು ಒಬ್ಬರು ಕೇಳುತ್ತಾರೆ. ಗುಣವಾದವರು ಇಗೋ ಇಲ್ಲಿದ್ದಾರೆ ಎಂದು ಇನ್ನೊಬ್ಬರು ತೋರಿಸುತ್ತಾರೆ. ಎರಡನೆಯದು ಮೊದಲನೆಯದಕ್ಕೆ ಉತ್ತರವಲ್ಲ.

ಕಾನೂನಿಗೆ ಕಾರಣವಾದ ಮದ್ದುಗಳು

ಔಷಧ ಕಾನೂನುಗಳು ಬೆಳೆದ ದಾರಿಯಲ್ಲಿ ಕ್ಯಾನ್ಸರ್ ಮದ್ದುಗಳ ಪಾತ್ರ ದೊಡ್ಡದು. ಅಮೆರಿಕದ 1906ರ ಆಹಾರ ಮತ್ತು ಔಷಧ ಕಾಯ್ದೆ ಸುಳ್ಳು ಲೇಬಲ್ ಅಂಟಿಸುವುದನ್ನು ಅಪರಾಧವೆಂದು ಸಾರಿತ್ತು. ಕನ್ಸಾಸ್ ಸಿಟಿಯ ಜಾನ್ಸನ್ ಎಂಬಾತ ಕ್ಯಾನ್ಸರಿಗೆಂದು ಮಾರುತ್ತಿದ್ದ ಔಷಧಿಗಳ ಮೇಲೆ ಸರ್ಕಾರ ಇದೇ ಕಾಯ್ದೆಯಡಿ ಮೊಕದ್ದಮೆ ಹೂಡಿತು. 1911ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್ ಬರೆದ ಬಹುಮತದ ತೀರ್ಪು ಮಾರಾಟಗಾರನ ಪರವಾಯಿತು. ಔಷಧಿಯಲ್ಲಿ ಏನಿದೆ ಎಂಬ ಬಗ್ಗೆ ಹೇಳುವ ಸುಳ್ಳನ್ನು ಮಾತ್ರ ಕಾಯ್ದೆ ತಡೆಯುತ್ತದೆ, ಅದು ಏನು ಮಾಡುತ್ತದೆ ಎಂಬ ಬಗ್ಗೆ ಹೇಳುವ ಸುಳ್ಳು ಅದರ ವ್ಯಾಪ್ತಿಗೆ ಬಾರದು ಎಂಬುದು ಅದರ ಸಾರ. ಸೀಸೆಯೊಳಗಿನ ದ್ರವದ ಹೆಸರು ಸರಿಯಿದ್ದರೆ ಸಾಕು, ಅದರಿಂದ ಕ್ಯಾನ್ಸರ್ ವಾಸಿಯಾಗುತ್ತದೆಂದು ಬರೆಯಲು ಅಡ್ಡಿಯಿಲ್ಲ ಎಂದಾಯಿತು. ಮರುವರ್ಷ ತಂದ ಶರ್ಲಿ ತಿದ್ದುಪಡಿ ಈ ಕಿಂಡಿಯನ್ನು ಅರ್ಧ ಮುಚ್ಚಿತು. ಅರ್ಧ ಏಕೆಂದರೆ, ಮಾರುವವನಿಗೆ ಮೋಸ ಮಾಡುವ ಉದ್ದೇಶವಿತ್ತೆಂದು ಸರ್ಕಾರ ಸಾಬೀತುಪಡಿಸಬೇಕಿತ್ತು. ತನ್ನ ಮದ್ದನ್ನು ತಾನೇ ಮನಸಾರೆ ನಂಬಿದವನ ಮುಂದೆ ಈ ಕಾನೂನು ಕೈಚೆಲ್ಲಿತು. ಅಂಥವರ ಸಂಖ್ಯೆ ಕಡಿಮೆಯೇನಲ್ಲ. ಔಷಧಿಯಿಂದ ಗುಣವಾಗುತ್ತದೆಂದು ಮಾರುವವನೇ ಮೊದಲು ತೋರಿಸಬೇಕೆಂಬ ನಿಯಮಕ್ಕೆ ಅಮೆರಿಕ 1962ರವರೆಗೆ ಕಾಯಬೇಕಾಯಿತು. ಬ್ರಿಟನ್ ಬೇರೆ ದಾರಿ ಹಿಡಿಯಿತು: ಕ್ಯಾನ್ಸರಿಗೆ ಚಿಕಿತ್ಸೆ ಕೊಡುತ್ತೇವೆಂದು ಸಾರ್ವಜನಿಕರಿಗೆ ಜಾಹೀರಾತು ಮಾಡುವುದನ್ನೇ 1939ರ ಕ್ಯಾನ್ಸರ್ ಕಾಯ್ದೆ ನಿಷೇಧಿಸಿತು.

ಇವೆಲ್ಲದರ ನಡುವೆ ದೀರ್ಘಕಾಲ ಬಾಳಿದ್ದು ಹಾಕ್ಸಿ ಕಷಾಯ. ಕಲ್ಲಿದ್ದಲು ಗಣಿಯಲ್ಲಿ ದುಡಿದಿದ್ದ ಹ್ಯಾರಿ ಹಾಕ್ಸಿ, 1930ರ ದಶಕದಲ್ಲಿ ಟೆಕ್ಸಾಸಿನ ಡಲ್ಲಾಸಿನಲ್ಲಿ ಕ್ಲಿನಿಕ್ ತೆರೆದ. ಮುತ್ತಜ್ಜನ ಕುದುರೆಯ ಕಾಲಿನಲ್ಲಿ ಗಡ್ಡೆ ಎದ್ದಿತ್ತು, ಅದು ಹುಲ್ಲುಗಾವಲಿನಲ್ಲಿ ಕೆಲವು ಗಿಡಗಳನ್ನೇ ಆರಿಸಿ ಮೇಯ್ದು ವಾಸಿಮಾಡಿಕೊಂಡಿತು, ಆ ಗಿಡಗಳೇ ನನ್ನ ಔಷಧಿ ಎಂಬುದು ಅವನ ಕಥೆ. ಒಳಗೆ ಕುಡಿಯಲು ಪೊಟ್ಯಾಸಿಯಂ ಅಯೋಡೈಡಿನೊಂದಿಗೆ ಜೇಷ್ಠಮಧು ಮೊದಲಾದ ಬೇರು-ನಾರು. ಹೊರಗೆ ಹಚ್ಚಲು ಆರ್ಸೆನಿಕ್ ಬೆರೆಸಿದ, ಚರ್ಮವನ್ನೇ ಸುಟ್ಟು ಉದುರಿಸುವ ಮುಲಾಮು. ತನ್ನನ್ನು ನಕಲಿ ವೈದ್ಯನೆಂದು ಕರೆದ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯ ಸಂಪಾದಕ ಮಾರಿಸ್ ಫಿಶ್‌ಬೈನ್ ಮೇಲೆ ಅವನು ಮಾನನಷ್ಟ ಮೊಕದ್ದಮೆ ಹೂಡಿ ಗೆದ್ದದ್ದೂ ಉಂಟು. ನ್ಯಾಯಾಧೀಶರು ಕೊಡಿಸಿದ ಪರಿಹಾರ ಎರಡು ಡಾಲರ್.

ಹಾಕ್ಸಿಯಿಂದ ಗುಣವಾಯಿತೆಂದು ಹೇಳಿಕೊಂಡ 400 ಮಂದಿಯ ವೃತ್ತಾಂತವನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಬೆನ್ನುಹತ್ತಿ ಪರಿಶೀಲಿಸಿತು. ಅವರೆಲ್ಲ ಮೂರು ಗುಂಪಿಗೆ ಸೇರಿದ್ದರು. ಕೆಲವರಿಗೆ ಕ್ಯಾನ್ಸರ್ ಇರಲೇ ಇಲ್ಲ. ಕೆಲವರಿಗೆ ಹಾಕ್ಸಿಯ ಬಳಿ ಹೋಗುವ ಮುಂಚೆಯೇ ಆಪರೇಷನ್ ಅಥವಾ ವಿಕಿರಣದಿಂದ ವಾಸಿಯಾಗಿತ್ತು. ಉಳಿದವರಲ್ಲಿ ರೋಗ ಹಾಗೆಯೇ ಇತ್ತು, ಇಲ್ಲವೆ ಅವರು ತೀರಿಕೊಂಡಿದ್ದರು. ಆಮೇಲಿನ ಅರವತ್ತು-ಎಪ್ಪತ್ತು ವರ್ಷಗಳಲ್ಲಿ ಬಂದ ಬಹುಪಾಲು ಹೇಳಿಕೆಗಳನ್ನು ಬಿಡಿಸಿ ನೋಡಲು ಈ ಮೂರು ಗುಂಪುಗಳೇ ಸಾಕಾಗುತ್ತವೆ. 1957ರಲ್ಲಿ ಅಂಚೆ ಕಚೇರಿಗಳ ಗೋಡೆಗಳ ಮೇಲೆ ಹಾಕ್ಸಿಯ ವಿರುದ್ಧ ಎಚ್ಚರಿಕೆಯ ಭಿತ್ತಿಪತ್ರಗಳು ಕಾಣಿಸಿಕೊಂಡವು. 1960ರ ಹೊತ್ತಿಗೆ ಅಮೆರಿಕದಲ್ಲಿ ಮಾರಾಟ ನಿಂತಿತು. 1963ರಲ್ಲಿ ಅವನ ನರ್ಸ್ ಮಿಲ್ಡ್ರೆಡ್ ನೆಲ್ಸನ್ ಗಡಿ ದಾಟಿ ಮೆಕ್ಸಿಕೋದ ಟಿಹ್ವಾನಾದಲ್ಲಿ ಕ್ಲಿನಿಕ್ ತೆರೆದಳು. 1967ರಲ್ಲಿ ಹಾಕ್ಸಿಗೇ ಪ್ರಾಸ್ಟೇಟ್ ಕ್ಯಾನ್ಸರ್ ಬಂತು. ತನ್ನ ಕಷಾಯದಿಂದ ಪ್ರಯೋಜನವಾಗದೆ ಅವನು ಆಪರೇಷನ್ ಮಾಡಿಸಿಕೊಂಡ.

ಕ್ರೆಬಯೋಜೆನ್

ಮೋಸಗಾರರು ಮತ್ತು ಅಶಿಕ್ಷಿತರು ಮಾತ್ರ ಇಂಥದ್ದರ ಹಿಂದೆ ಇರುತ್ತಾರೆಂಬ ತಿಳಿವಳಿಕೆಯನ್ನು ಕ್ರೆಬಯೋಜೆನ್ ಪ್ರಕರಣ ಅಳಿಸಿಹಾಕಿತು. ಯುಗೊಸ್ಲಾವಿಯಾ ಮೂಲದ ವೈದ್ಯ ಸ್ಟೀವನ್ ಡುರೊವಿಕ್ ಕುದುರೆಯ ರಕ್ತದಿಂದ ತಯಾರಿಸಿದ್ದೆಂದು ಹೇಳಿದ ಈ ಚುಚ್ಚುಮದ್ದನ್ನು 1951ರಲ್ಲಿ ಷಿಕಾಗೋದಲ್ಲಿ ಲೋಕಕ್ಕೆ ಪರಿಚಯಿಸಿದವರು ಆಂಡ್ರ್ಯೂ ಐವಿ. ಐವಿ ಆ ಕಾಲದ ಹೆಸರಾಂತ ಶರೀರವಿಜ್ಞಾನಿ, ಇಲಿನಾಯ್ ವಿಶ್ವವಿದ್ಯಾಲಯದ ಉಪಾಧ್ಯಕ್ಷ. ನಾಜಿ ವೈದ್ಯರ ವಿಚಾರಣೆ ನಡೆದ ನ್ಯೂರೆಂಬರ್ಗಿನಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪರವಾಗಿ ನಿಂತು, ಮನುಷ್ಯರ ಮೇಲಿನ ಪ್ರಯೋಗಗಳಿಗೆ ನೈತಿಕ ನಿಯಮಗಳಿರಬೇಕೆಂದು ಸಾಕ್ಷಿ ಹೇಳಿದವರು. ಅಂಥವರೇ ಈ ಔಷಧಿಯ ಬೆನ್ನಿಗೆ ನಿಂತು ಕೊನೆಯವರೆಗೂ ಅದನ್ನು ಬಿಡಲಿಲ್ಲ.

1963ರಲ್ಲಿ ಸರ್ಕಾರಿ ಪ್ರಯೋಗಾಲಯದಲ್ಲಿ ಆಲ್ಮಾ ಲೆವಂಟ್ ಹೇಡನ್ ಎಂಬ ರಸಾಯನವಿಜ್ಞಾನಿಯ ನೇತೃತ್ವದ ತಂಡ ಕ್ರೆಬಯೋಜೆನ್ನಿನ ಪುಡಿಯನ್ನು ವರ್ಣಪಟಲ ಪರೀಕ್ಷೆಗೆ ಒಡ್ಡಿತು. ಸಿಕ್ಕಿದ್ದು ಕ್ರಿಯಾಟಿನ್, ಎಲ್ಲರ ಸ್ನಾಯುಗಳಲ್ಲೂ ಇರುವ, ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ವಸ್ತು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 504 ರೋಗಿಗಳ ಕಡತಗಳನ್ನು ನೋಡಿ ಔಷಧಿಯಿಂದ ಯಾವ ಪರಿಣಾಮವೂ ಇಲ್ಲವೆಂದಿತು. ಆದರೂ ಕ್ರಿಮಿನಲ್ ಮೊಕದ್ದಮೆಯಲ್ಲಿ ಜ್ಯೂರಿ ಎಲ್ಲರನ್ನೂ ಖುಲಾಸೆ ಮಾಡಿತು. ತಜ್ಞರ ಕೋಷ್ಟಕಗಳ ಎದುರು, ತಾನು ಬದುಕಿರುವುದು ಇದರಿಂದಲೇ ಎಂದು ಕಟಕಟೆಯಲ್ಲಿ ನಿಂತು ಹೇಳುವ ರೋಗಿಯ ಮಾತಿಗೆ ತೂಕ ಹೆಚ್ಚು.

ಲೇಟ್ರಿಲ್

ಇಡೀ ಚರಿತ್ರೆಯಲ್ಲಿ ಅತ್ಯಂತ ಚೆನ್ನಾಗಿ ದಾಖಲಾದ ಪ್ರಸಂಗ ಇದು. ಇಂದಿಗೂ ‘ವಿಟಮಿನ್ ಬಿ-17’ ಎಂಬ ಹೆಸರಿನಲ್ಲಿ ಇದು ನಮ್ಮ ಫೋನುಗಳಿಗೂ ಬಂದು ತಲುಪುತ್ತದೆ. ಕಹಿ ಬಾದಾಮಿ ಮತ್ತು ಏಪ್ರಿಕಾಟ್ ಬೀಜದ ತಿರುಳಿನಲ್ಲಿ ಅಮಿಗ್ಡಲಿನ್ ಎಂಬ ವಸ್ತುವಿದೆ; 1830ರಲ್ಲೇ ಫ್ರೆಂಚ್ ರಸಾಯನವಿಜ್ಞಾನಿಗಳು ಇದನ್ನು ಬೇರ್ಪಡಿಸಿದ್ದರು. ಇದು ಒಡೆದಾಗ ಸಯನೈಡ್ ಹುಟ್ಟುತ್ತದೆ. 1950ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಅರ್ನ್ಸ್ಟ್ ಕ್ರೆಬ್ಸ್ ಮತ್ತು ಅದೇ ಹೆಸರಿನ ಅವರ ಮಗ ಇದರ ಒಂದು ರೂಪವನ್ನು ಲೇಟ್ರಿಲ್ ಎಂದು ಹೆಸರಿಟ್ಟು ಪ್ರಚಾರಕ್ಕೆ ತಂದರು. ಕ್ಯಾನ್ಸರ್ ಕೋಶದಲ್ಲಿ ಮಾತ್ರ ಸಯನೈಡ್ ಬಿಡುಗಡೆಯಾಗಿ ಅದನ್ನು ಕೊಲ್ಲುತ್ತದೆ, ಆರೋಗ್ಯವಂತ ಕೋಶಕ್ಕೆ ಏನೂ ಆಗುವುದಿಲ್ಲ ಎಂಬುದು ಮೊದಲ ವಾದ. ಅದು ನಿಲ್ಲದಾದಾಗ ಮಗ ಕ್ರೆಬ್ಸ್ ಇದನ್ನು ವಿಟಮಿನ್ ಎಂದು ಕರೆದು, ಅದರ ಕೊರತೆಯೇ ಕ್ಯಾನ್ಸರ್ ಎಂದ. ವಿಟಮಿನ್ ಎಂದಾದರೆ ಔಷಧ ಕಾನೂನಿನ ಕಣ್ಣಿಗೆ ಬೀಳುವುದಿಲ್ಲವೆಂಬ ಲೆಕ್ಕಾಚಾರವೂ ಇದರ ಹಿಂದಿತ್ತು. ದೇಹಕ್ಕೆ ಅಮಿಗ್ಡಲಿನ್ನಿನ ಅಗತ್ಯವಿಲ್ಲ. ಅದರ ಕೊರತೆಯಿಂದ ಬರುವ ರೋಗವೂ ಇಲ್ಲ.

1970ರ ದಶಕದ ಅಮೆರಿಕದಲ್ಲಿ ಲೇಟ್ರಿಲ್ ರಾಜಕೀಯ ವಿಷಯವಾಯಿತು. ಸಾಯುತ್ತಿರುವವನಿಗೆ ತನ್ನ ಔಷಧಿಯನ್ನು ತಾನೇ ಆರಿಸಿಕೊಳ್ಳುವ ಹಕ್ಕಿಲ್ಲವೇ ಎಂದು ಬಲಪಂಥೀಯ ಸಂಘಟನೆಗಳು ಚಳವಳಿ ಹೂಡಿದವು. ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಅದನ್ನು ತಮ್ಮ ಮಟ್ಟಿಗೆ ಕಾನೂನುಬದ್ಧಗೊಳಿಸಿದವು. 1979ರಲ್ಲಿ ರುದರ್‌ಫೋರ್ಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ಈ ವಾದವನ್ನು ತಳ್ಳಿಹಾಕಿತು. ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಬರೆದ ತೀರ್ಪಿನಲ್ಲಿ ಹಿಂದಿನ ಕಾಲದ ‘ಸುಲಭ’ ಕ್ಯಾನ್ಸರ್ ಮದ್ದುಗಳ ಒಂದು ಪಟ್ಟಿಯೇ ಇದೆ: ಟರ್ಪೆಂಟೈನ್, ಸಾಸಿವೆ, ಮೊಟ್ಟೆ ಕಲಸಿದ ಲೇಪ, ಬಣ್ಣಬಣ್ಣದ ದೀಪಗಳ ಸಾಲು, ನಾರುವ ಲಿಂಬರ್ಗರ್ ಚೀಸಿಗೆ ಗ್ಲಿಸರಿನ್ ಬೆರೆಸಿದ ಮುಲಾಮು. ಬದುಕುವ ಆಸೆ ಕೈಬಿಟ್ಟವರಿಗೆ ರಕ್ಷಣೆ ಬೇಡವೆಂದರೆ ಇಂಥದನ್ನು ಮಾರುವವರೆಲ್ಲರಿಗೂ ಬಾಗಿಲು ತೆರೆದಂತಾಗುತ್ತದೆ ಎಂಬುದು ನ್ಯಾಯಾಲಯದ ತರ್ಕವಾಗಿತ್ತು.

ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಮಾತ್ರ ನ್ಯಾಯಾಲಯದ ತೀರ್ಪಿಗಾಗಿ ಕಾಯದೆ ಲೆಕ್ಕಕ್ಕೆ ಇಳಿಯಿತು. ದೇಶದ ಲಕ್ಷಾಂತರ ವೈದ್ಯರಿಗೂ ಲೇಟ್ರಿಲ್ ಪರವಾಗಿದ್ದ ಗುಂಪುಗಳಿಗೂ ಪತ್ರ ಬರೆದು, ಗುಣವಾದ ರೋಗಿಗಳ ದಾಖಲೆ ಕಳುಹಿಸಿಕೊಡಿ ಎಂದು ಕೇಳಿತು. ಹತ್ತಾರು ಸಾವಿರ ಅಮೆರಿಕನ್ನರು ಲೇಟ್ರಿಲ್ ಬಳಸಿದ್ದ ಕಾಲವದು. ಬಂದ ಪ್ರಕರಣಗಳು 93. ಪರಿಶೀಲಿಸಲು ಸಾಕಾಗುವಷ್ಟು ದಾಖಲೆ ಇದ್ದದ್ದು 67ರಲ್ಲಿ. ಅವುಗಳಲ್ಲಿ ಗಡ್ಡೆ ಪೂರ್ತಿ ಕರಗಿದ್ದು ಎರಡು, ಭಾಗಶಃ ಕುಗ್ಗಿದ್ದು ನಾಲ್ಕು. ಇಷ್ಟರಿಂದ ಏನನ್ನೂ ಹೇಳಲಾಗದೆಂದು ಸಂಸ್ಥೆ ನೇರವಾಗಿ ರೋಗಿಗಳ ಮೇಲೆ ಪರೀಕ್ಷೆ ನಡೆಸಲು ನಿರ್ಧರಿಸಿತು. ಮೇಯೋ ಕ್ಲಿನಿಕ್ಕಿನ ಚಾರ್ಲ್ಸ್ ಮೋರ್ಟೆಲ್ ನೇತೃತ್ವದಲ್ಲಿ ನಾಲ್ಕು ಕೇಂದ್ರಗಳಲ್ಲಿ 178 ರೋಗಿಗಳಿಗೆ, ಲೇಟ್ರಿಲ್ ವೈದ್ಯರು ಹೇಳುವ ಪಥ್ಯ ಮತ್ತು ವಿಟಮಿನ್ನುಗಳ ಸಮೇತ, ಅಮಿಗ್ಡಲಿನ್ ಕೊಡಲಾಯಿತು. 1982ರಲ್ಲಿ ಫಲಿತಾಂಶ ಪ್ರಕಟವಾಯಿತು. ಯಾರೂ ಗುಣವಾಗಲಿಲ್ಲ, ರೋಗ ಸ್ಥಿರಗೊಳ್ಳಲಿಲ್ಲ, ಆಯುಸ್ಸು ಹೆಚ್ಚಲಿಲ್ಲ. ಕೆಲವರ ರಕ್ತದಲ್ಲಿ ಸಯನೈಡ್ ಪ್ರಾಣಾಪಾಯದ ಮಟ್ಟದ ಸಮೀಪಕ್ಕೆ ಏರಿತ್ತು. ರಕ್ತನಾಳಕ್ಕೆ ಚುಚ್ಚಿದಾಗಿನದಕ್ಕಿಂತ ಬಾಯಿಯಿಂದ ಕೊಟ್ಟಾಗ ಅಪಾಯ ಹೆಚ್ಚು, ಏಕೆಂದರೆ ಅಮಿಗ್ಡಲಿನ್ನನ್ನು ಒಡೆಯುವ ಕಿಣ್ವ ಕರುಳಿನ ಬ್ಯಾಕ್ಟೀರಿಯಾಗಳಲ್ಲಿದೆ. ನೈಸರ್ಗಿಕವೆಂದು ಏಪ್ರಿಕಾಟ್ ಬೀಜವನ್ನೇ ಅಗಿಯುವವರಿಗೆ ಈ ಮಾತು ನೇರವಾಗಿ ಅನ್ವಯಿಸುತ್ತದೆ.

ಹಾಲಿವುಡ್ ನಟ ಸ್ಟೀವ್ ಮೆಕ್ವೀನ್ ಈ ಅವಧಿಯ ಅತ್ಯಂತ ಪ್ರಸಿದ್ಧ ರೋಗಿ. ಎದೆಗೂಡಿನ ಒಳಪೊರೆಯ ಕ್ಯಾನ್ಸರಿಗೆ ಅಮೆರಿಕದ ವೈದ್ಯರಲ್ಲಿ ಉಪಾಯವಿಲ್ಲದಾದಾಗ ಅವರು ಮೆಕ್ಸಿಕೋಗೆ ಹೋಗಿ, ವಿಲಿಯಂ ಕೆಲ್ಲಿ ಎಂಬ ದಂತವೈದ್ಯನ ಕ್ರಮದಂತೆ ಲೇಟ್ರಿಲ್, ಕಾಫಿ ಎನಿಮಾ, ವಿಟಮಿನ್ನುಗಳನ್ನೆಲ್ಲ ತೆಗೆದುಕೊಂಡರು. ತಾನು ಚೇತರಿಸಿಕೊಳ್ಳುತ್ತಿದ್ದೇನೆಂದು ಮೆಕ್ಸಿಕೋದ ಜನರಿಗೆ ಕೃತಜ್ಞತೆ ಹೇಳಿದ್ದೂ ಆಯಿತು. ಗಡ್ಡೆ ತೆಗೆಯುವ ಆಪರೇಷನ್ ಆದ ಬೆನ್ನಲ್ಲೇ 1980ರ ನವೆಂಬರ್ 7ರಂದು ಹುವಾರೆಸ್ ನಗರದಲ್ಲಿ ತೀರಿಕೊಂಡರು. ವಯಸ್ಸು 50.

ಇಟಲಿಯ ಪ್ರಯೋಗ

1997ರಲ್ಲಿ ಇಟಲಿಯ ಮೊಡೆನಾದ ವೃದ್ಧ ಶರೀರವಿಜ್ಞಾನಿ ಲುಯಿಜಿ ಡಿ ಬೆಲ್ಲಾ ಅವರ ಚಿಕಿತ್ಸೆ ಇಡೀ ದೇಶದ ಮಾತಾಯಿತು. ಸೊಮಾಟೊಸ್ಟಾಟಿನ್, ಮೆಲಟೋನಿನ್, ಬ್ರೋಮೋಕ್ರಿಪ್ಟಿನ್, ರೆಟಿನಾಯ್ಡ್‌ಗಳ ಮಿಶ್ರಣ, ದುಬಾರಿ. ಸರ್ಕಾರವೇ ಇದರ ಖರ್ಚು ಕೊಡಬೇಕೆಂದು ಜನ ಬೀದಿಗಿಳಿದರು, ದಕ್ಷಿಣದ ಒಬ್ಬ ನ್ಯಾಯಾಧೀಶರು ಹಾಗೆಂದು ಆದೇಶಿಸಿಯೂ ಬಿಟ್ಟರು. ಸರ್ಕಾರ ಬಗ್ಗಿ, ದೇಶದ ಹಲವು ಆಸ್ಪತ್ರೆಗಳಲ್ಲಿ ಪರೀಕ್ಷೆ ನಡೆಸಿತು. 386 ರೋಗಿಗಳಲ್ಲಿ ಒಬ್ಬರಿಗೂ ರೋಗ ಪೂರ್ತಿ ಹೋಗಲಿಲ್ಲ. ಮೂವರಲ್ಲಿ ಗಡ್ಡೆ ಭಾಗಶಃ ಕುಗ್ಗಿತು. ಔಷಧಿಯ ಪರೀಕ್ಷೆಯನ್ನು ಬೀದಿಯ ಒತ್ತಡ ನಿರ್ಧರಿಸಬಾರದೆಂಬ ಟೀಕೆ ಆಗ ಬಂದಿತ್ತು. ಅದರಲ್ಲಿ ಹುರುಳೂ ಇದೆ. ಆದರೆ ಚಳವಳಿ ತಣ್ಣಗಾದದ್ದು ಆ ಪರೀಕ್ಷೆಯಿಂದಲೇ.

ಆಹಾರವೇ ಔಷಧಿ ಎಂಬ ಹೇಳಿಕೆಗಳು

ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಹೋದ ಮ್ಯಾಕ್ಸ್ ಗೆರ್ಸನ್ ರೂಪಿಸಿದ ಕ್ರಮದಲ್ಲಿ ದಿನವಿಡೀ ಗಂಟೆಗೊಂದು ಲೋಟ ತರಕಾರಿ-ಹಣ್ಣಿನ ರಸ ಮತ್ತು ಕಾಫಿ ಎನಿಮಾ ಮುಖ್ಯ. ರಕ್ತದ ಲವಣಾಂಶಗಳ ಸಮತೋಲ ಕೆಡುವುದು, ಕರುಳಿಗೆ ಸೋಂಕು ತಗಲುವುದು ಇದರ ದಾಖಲಾದ ಅಪಾಯಗಳು. ಕ್ಯಾನ್ಸರೆಂದರೆ ಶಿಲೀಂಧ್ರ, ಅಡುಗೆ ಸೋಡಾದಿಂದ ಅದು ಸಾಯುತ್ತದೆ ಎಂದು ಸಾರಿದ ಇಟಲಿಯ ತುಲಿಯೊ ಸಿಮೊನ್ಚಿನಿ ವೈದ್ಯ ಪರವಾನಗಿ ಕಳೆದುಕೊಂಡು, ರೋಗಿಯ ಸಾವಿಗೆ ಸಂಬಂಧಿಸಿ ಶಿಕ್ಷೆಗೂ ಒಳಗಾದ. ಷಾರ್ಕಿಗೆ ಕ್ಯಾನ್ಸರ್ ಬರುವುದಿಲ್ಲ ಎಂಬ 1992ರ ಒಂದು ಪುಸ್ತಕದಿಂದ ಷಾರ್ಕಿನ ಮೃದ್ವಸ್ಥಿಯ ಪುಡಿ ಮಾರುಕಟ್ಟೆಗೆ ಬಂತು. ಷಾರ್ಕಿಗೂ ಕ್ಯಾನ್ಸರ್ ಬರುತ್ತದೆ.

ಕನ್ನಡದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುವ ಒಂದು ಸಂದೇಶದ ಪ್ರಕಾರ ಆಟೊ ವಾರ್‌ಬರ್ಗ್ ಎಂಬ ವಿಜ್ಞಾನಿ ಕ್ಯಾನ್ಸರಿಗೆ ಕಾರಣ ದೇಹದ ಆಮ್ಲೀಯತೆ ಎಂದು ಕಂಡುಹಿಡಿದು ನೊಬೆಲ್ ಪಡೆದರು. ಆದ್ದರಿಂದ ನಿಂಬೆಹಣ್ಣು, ಸೋಡಾ ಸೇವಿಸಿ ದೇಹವನ್ನು ಕ್ಷಾರೀಯ ಮಾಡಿಕೊಂಡರೆ ಸಾಕು. ವಾರ್‌ಬರ್ಗ್ ಅವರಿಗೆ 1931ರಲ್ಲಿ ನೊಬೆಲ್ ಬಂದದ್ದು ಉಸಿರಾಟದ ಕಿಣ್ವದ ಸಂಶೋಧನೆಗೆ. ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ವಿಪರೀತ ಬಳಸುತ್ತವೆ ಎಂದು ಅವರು ಕಂಡುಕೊಂಡದ್ದು ನಿಜ. ಪೆಟ್ ಸ್ಕ್ಯಾನ್ ಮಾಡುವಾಗ ಗ್ಲೂಕೋಸಿನಂಥ ವಸ್ತುವನ್ನು ಚುಚ್ಚಿ ಗಡ್ಡೆಯ ಜಾಗ ಹಿಡಿಯುವುದು ಅದೇ ಗುಣದ ಆಧಾರದ ಮೇಲೆ. ಆದರೆ ಸಕ್ಕರೆ ಬಿಟ್ಟ ಮಾತ್ರಕ್ಕೆ ಗಡ್ಡೆ ಉಪವಾಸ ಬೀಳುವುದಿಲ್ಲ. ಊಟದಲ್ಲಿ ಇಲ್ಲದಿದ್ದರೆ ಯಕೃತ್ತೇ ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ರಕ್ತದ ಪಿಎಚ್ ಅನ್ನು 7.35ರಿಂದ 7.45ರ ಒಳಗೆ ಶ್ವಾಸಕೋಶ ಮತ್ತು ಮೂತ್ರಪಿಂಡಗಳು ಹಿಡಿದಿಟ್ಟಿರುತ್ತವೆ. ಎಷ್ಟು ನಿಂಬೆ ಹಿಂಡಿದರೂ ಅದು ಅಲುಗಾಡುವುದಿಲ್ಲ.

2024ರ ನವೆಂಬರಿನಲ್ಲಿ ಮಾಜಿ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು ತಮ್ಮ ಪತ್ನಿ ನಾಲ್ಕನೆಯ ಹಂತದ ಕ್ಯಾನ್ಸರಿನಿಂದ ಚೇತರಿಸಿಕೊಂಡದ್ದರ ಹಿಂದೆ ನಿಂಬೆನೀರು, ಅರಿಸಿನ, ಬೇವು, ಸಕ್ಕರೆ ಬಿಟ್ಟ ಪಥ್ಯ ಇದ್ದವೆಂದು ಪತ್ರಕರ್ತರಿಗೆ ಹೇಳಿದರು. ಪತ್ನಿಗೆ ಆಪರೇಷನ್, ಕೀಮೋ ಎಲ್ಲವೂ ಆಗಿತ್ತು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಹಾಲಿ ಮತ್ತು ಹಿಂದಿನ 262 ಕ್ಯಾನ್ಸರ್ ತಜ್ಞರು ಸಹಿ ಹಾಕಿ, ಇಂಥ ಪಥ್ಯದಿಂದ ಗುಣವಾಗುತ್ತದೆಂಬುದಕ್ಕೆ ಪುರಾವೆಯಿಲ್ಲ, ಚಿಕಿತ್ಸೆ ತಡಮಾಡಬೇಡಿ ಎಂಬ ಹೇಳಿಕೆ ಹೊರಡಿಸಿದರು. ಪಥ್ಯವನ್ನು ವೈದ್ಯರ ಚಿಕಿತ್ಸೆಯ ಜೊತೆಗೇ ಅನುಸರಿಸಿದ್ದೆಂದು ಸಿಧು ಆಮೇಲೆ ವಿವರಣೆ ಕೊಟ್ಟರು. ಹಾಕ್ಸಿಯ ಎರಡನೆಯ ಗುಂಪು ಇಲ್ಲಿ ಹೊಸ ವೇಷದಲ್ಲಿದೆ: ಕೆಲಸ ಮಾಡಿದ್ದು ಒಂದು, ಹೆಸರು ಬಂದದ್ದು ಇನ್ನೊಂದಕ್ಕೆ. ಆಸ್ಟ್ರೇಲಿಯಾದ ಬೆಲ್ ಗಿಬ್ಸನ್ ಮೊದಲನೆಯ ಗುಂಪಿನ ತುತ್ತತುದಿ. ಮಿದುಳಿನ ಕ್ಯಾನ್ಸರನ್ನು ಪಥ್ಯದಿಂದ ಗೆದ್ದೆನೆಂದು ಆ್ಯಪ್ ಮತ್ತು ಪುಸ್ತಕ ಮಾರಿದ ಈಕೆ, ತನಗೆ ಕ್ಯಾನ್ಸರೇ ಇರಲಿಲ್ಲವೆಂದು 2015ರಲ್ಲಿ ಒಪ್ಪಿಕೊಂಡಳು. 2017ರಲ್ಲಿ ನ್ಯಾಯಾಲಯ 4,10,000 ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು.

ಗಿಡಮರಗಳು, ನಾಟಿ ಔಷಧಿ

ಮುಳ್ಳು ರಾಮಫಲ ಅಥವಾ ಲಕ್ಷ್ಮಣಫಲವೆಂದು ಕರ್ನಾಟಕದಲ್ಲಿ ಹೆಸರಾಗಿರುವ ಹಣ್ಣು ಕೀಮೋಗಿಂತ ಹತ್ತು ಸಾವಿರ ಪಟ್ಟು ಪ್ರಬಲ ಎಂಬ ಮಾತು ಬಹಳ ಮಂದಿಯನ್ನು ಅದರ ಹಣ್ಣು, ಎಲೆಗಳ ಕಡೆಗೆ ಎಳೆದಿದೆ. ಇದರ ಸಾರ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳನ್ನು ಕೊಂದಿರುವುದು ನಿಜ. ಗಾಜಿನ ತಟ್ಟೆಯಲ್ಲಿ ಉಪ್ಪುನೀರೂ ಕೋಶಗಳನ್ನು ಕೊಲ್ಲುತ್ತದೆ. ಈ ಹಣ್ಣು ಮತ್ತು ಅದರ ಎಲೆಯ ಕಷಾಯವನ್ನು ಧಾರಾಳವಾಗಿ ಬಳಸುವ ಕೆರಿಬಿಯನ್ ದ್ವೀಪ ಗ್ವಾಡಲೂಪಿನಲ್ಲಿ, ಔಷಧಿಗೆ ಬಗ್ಗದ ಒಂದು ಬಗೆಯ ಪಾರ್ಕಿನ್ಸನ್ ಕಾಯಿಲೆಯೊಂದಿಗೆ ಅದಕ್ಕೆ ನಂಟಿರಬಹುದೆಂದು 1999ರಲ್ಲಿ ವರದಿಯಾಯಿತು. ಅರಿಸಿನದ ಕರ್ಕ್ಯುಮಿನ್ ಕಥೆಯೂ ಸುಮಾರಾಗಿ ಹೀಗೆಯೇ: ತಟ್ಟೆಯಲ್ಲಿ ಭರವಸೆ, ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ.

ಆದರೆ ಗಿಡಮರಗಳಲ್ಲಿ ಏನೂ ಇಲ್ಲವೆಂದು ಹೇಳುವವರು ಕೂಡ ಕ್ಯಾನ್ಸರ್ ಆಸ್ಪತ್ರೆಯ ಔಷಧಿ ಕೋಣೆಯನ್ನು ನೋಡಿಲ್ಲ. ನಮ್ಮ ಮನೆಯಂಗಳದ ನಿತ್ಯಪುಷ್ಪ, ಅಂದರೆ ಕಾಶಿ ಕಣಗಿಲೆ, ಮಕ್ಕಳ ರಕ್ತ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ನಿನ ಮೂಲ. ಜಮೈಕಾದಲ್ಲಿ ಅದರ ಎಲೆಯ ಕಷಾಯ ಸಕ್ಕರೆ ಕಾಯಿಲೆಗೆ ಮದ್ದೆಂದು ಹೆಸರಾಗಿತ್ತು. ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ 1950ರ ದಶಕದಲ್ಲಿ ಪರೀಕ್ಷಿಸಿದಾಗ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣಗಳು ಇಳಿದವು. ನಾಟಿ ಹೇಳಿಕೆ ಸುಳ್ಳಾಗಿ, ಯಾರೂ ಹೇಳದಿದ್ದ ಔಷಧಿಯೊಂದು ಕೈಗೆ ಬಂತು. ಪಶ್ಚಿಮಘಟ್ಟದ ದುರ್ವಾಸನೆ ಮರದಲ್ಲಿ ಕ್ಯಾಂಪ್ಟೊಥೆಸಿನ್ ಇದೆ. ಅದನ್ನು ಚೀನಾದ ಒಂದು ಮರದಿಂದ ಮೊದಲು ಬೇರ್ಪಡಿಸಿ 1966ರಲ್ಲಿ ಪ್ರಕಟಿಸಿದವರು ಮನ್ರೋ ವಾಲ್ ಮತ್ತು ಭಾರತೀಯ ಮೂಲದ ಮನ್ಸುಖ್ ವಾನಿ. ರೋಗಿಗಳಿಗೆ ಕೊಟ್ಟಾಗ ಮೂತ್ರಕೋಶದಲ್ಲಿ ರಕ್ತಸ್ರಾವವಾಗಿ ಪ್ರಯೋಗ ನಿಲ್ಲಿಸಬೇಕಾಯಿತು. ಅಣುವನ್ನು ತಿದ್ದಿ ಟೋಪೊಟೆಕಾನ್, ಇರಿನೊಟೆಕಾನ್ ಎಂಬ ಔಷಧಿಗಳಾಗಿ ಅಮೆರಿಕದಲ್ಲಿ ಅನುಮತಿ ಪಡೆಯುವ ಹೊತ್ತಿಗೆ 1996. ಚೀನಾದ ಹಾರ್ಬಿನ್‌ನಲ್ಲಿ ನಾಟಿ ಮದ್ದೊಂದರಲ್ಲಿದ್ದ ಆರ್ಸೆನಿಕ್ ಇನ್ನೂ ಸೋಜಿಗ. ಹಾಕ್ಸಿಯ ಮುಲಾಮಿನಲ್ಲಿ ಬರೀ ಚರ್ಮ ಸುಟ್ಟ ಅದೇ ಧಾತು, 1970ರ ದಶಕದಲ್ಲಿ ಅಲ್ಲಿನ ವೈದ್ಯರು ಮಿಶ್ರಣದ ಒಂದೊಂದೇ ಅಂಶವನ್ನು ಬಿಡಿಸಿ ನೋಡಿದ್ದರಿಂದ, ಒಂದು ನಿರ್ದಿಷ್ಟ ಬಗೆಯ ರಕ್ತ ಕ್ಯಾನ್ಸರಿಗೆ ಇಂದು ಲೋಕವೆಲ್ಲ ಒಪ್ಪಿದ ಔಷಧಿಯಾಗಿದೆ.

ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ನರಸೀಪುರದಲ್ಲಿ ಮರದ ಚಕ್ಕೆಯ ಔಷಧಿಗಾಗಿ ಗುರುವಾರ, ಭಾನುವಾರಗಳಂದು ಹಿಂದಿನ ರಾತ್ರಿಯಿಂದಲೇ ಸರತಿ ನಿಲ್ಲುತ್ತಿದ್ದುದು ರಾಜ್ಯದಾಚೆಗೂ ಸುದ್ದಿಯಾಗಿತ್ತು. ಉತ್ತರ ಭಾರತದಿಂದಲೂ ಕ್ಯಾನ್ಸರ್ ರೋಗಿಗಳ ಮನೆಯವರು ವರದಿಗಳ ಫೈಲು ಹಿಡಿದು ಬರುತ್ತಿದ್ದರು. ನಾಟಿ ವೈದ್ಯರನ್ನು ಟಿಹ್ವಾನಾದ ದುಬಾರಿ ಕ್ಲಿನಿಕ್ಕುಗಳ ಸಾಲಿಗೆ ಸೇರಿಸುವುದು ನ್ಯಾಯವಲ್ಲ. ಕೊಟ್ಟಷ್ಟು ತೆಗೆದುಕೊಳ್ಳುವವರು, ಏನನ್ನೂ ಕೇಳದವರು ಅವರಲ್ಲಿ ಅನೇಕರಿದ್ದಾರೆ. ಆದರೆ ಸರತಿಯ ಉದ್ದವಾಗಲಿ ವೈದ್ಯನ ಸಜ್ಜನಿಕೆಯಾಗಲಿ ಚಕ್ಕೆಯ ಗುಣಕ್ಕೆ ಸಾಕ್ಷಿಯಾಗುವುದಿಲ್ಲ. ಪುನಃ ಬಂದವರು ಕಣ್ಣಿಗೆ ಕಾಣುತ್ತಾರೆ. ಬಾರದವರು ಏನಾದರೆಂದು ಯಾರೂ ಬೆನ್ನುಹತ್ತಿ ಹೋಗುವುದಿಲ್ಲ. ಕೊಡುವ ವಸ್ತು ಯಾವ ಮರದ್ದೆಂದು ತಿಳಿಯದಿದ್ದರೆ ಕೀಮೋ ಔಷಧಿಯೊಂದಿಗೆ ಅದು ಹೇಗೆ ವರ್ತಿಸುತ್ತದೆಂದು ವೈದ್ಯರು ಹೇಳುವುದೂ ಸಾಧ್ಯವಿಲ್ಲ.

ಎಣಿಕೆ ಮತ್ತು ಹಾನಿ

ಪರ್ಯಾಯ ಚಿಕಿತ್ಸೆಯನ್ನೇ ನೆಚ್ಚಿದವರನ್ನು ಎಣಿಸಿ ನೋಡಿದ ಅಧ್ಯಯನ 2018ರಲ್ಲಿ ಬಂತು. ಯೇಲ್ ವಿಶ್ವವಿದ್ಯಾಲಯದ ತಂಡವೊಂದು, ಹರಡದ ಹಂತದಲ್ಲಿದ್ದ ಸ್ತನ, ಪ್ರಾಸ್ಟೇಟ್, ಶ್ವಾಸಕೋಶ ಮತ್ತು ದೊಡ್ಡಕರುಳಿನ ಕ್ಯಾನ್ಸರಿಗೆ ಪರ್ಯಾಯ ಚಿಕಿತ್ಸೆ ಮಾತ್ರ ಆರಿಸಿಕೊಂಡ 281 ಅಮೆರಿಕನ್ ರೋಗಿಗಳನ್ನು, ರೂಢಿಯ ಚಿಕಿತ್ಸೆ ಪಡೆದ 560 ಮಂದಿಯೊಂದಿಗೆ ಹೋಲಿಸಿತು. ಒಟ್ಟಾರೆ ಸಾವಿನ ಅಪಾಯ ಎರಡೂವರೆ ಪಟ್ಟು. ಸ್ತನ ಕ್ಯಾನ್ಸರಿನಲ್ಲಿ ಐದೂವರೆ ಪಟ್ಟಿಗೂ ಹೆಚ್ಚು, ದೊಡ್ಡಕರುಳಿನದರಲ್ಲಿ ನಾಲ್ಕೂವರೆ ಪಟ್ಟು. ಪ್ರಾಸ್ಟೇಟಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ; ಬಹಳ ನಿಧಾನವಾಗಿ ಬೆಳೆಯುವ ಆ ರೋಗದಲ್ಲಿ ಏನೂ ಮಾಡದವರೂ ವರ್ಷಗಟ್ಟಲೆ ಬದುಕುತ್ತಾರೆ, ಏನನ್ನು ಕುಡಿಯುತ್ತಿದ್ದರೋ ಅದಕ್ಕೆ ಕೀರ್ತಿ ಬರುತ್ತದೆ. ಪರ್ಯಾಯದ ದಾರಿ ಹಿಡಿದವರಲ್ಲಿ ಅನುಕೂಲಸ್ಥರೇ ಹೆಚ್ಚಿದ್ದರೆಂಬುದು ಈ ಅಧ್ಯಯನದ ಇನ್ನೊಂದು ಅಂಶ. ಹಳ್ಳಿಯ ಅಜ್ಞಾನದ ಮೇಲೆ ಎಲ್ಲವನ್ನೂ ಹೊರಿಸುವವರು ಇದನ್ನು ಗಮನಿಸಬೇಕು.

ಹಾನಿಯ ದೊಡ್ಡ ಭಾಗ ವಿಷದಿಂದ ಆಗುವುದಲ್ಲ, ಕಳೆದುಹೋಗುವ ಹೊತ್ತಿನಿಂದ ಆಗುವುದು. ಎದೆಯಲ್ಲಿ ಗೋಲಿಗಾತ್ರದ ಗಂಟು ಕಂಡಾಗ ಬಂದರೆ ಆಪರೇಷನ್ನಿನಿಂದ ಹೋಗುವ ರೋಗ, ಆರು ತಿಂಗಳ ಪಥ್ಯ ಮುಗಿಸಿ ಬಂದಾಗ ಯಕೃತ್ತಿಗೆ ಇಳಿದಿರುತ್ತದೆ. ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಕೆರಳಿ ಹರಡುತ್ತದೆ, ಕರೆಂಟ್ (ವಿಕಿರಣ) ಕೊಡಿಸಿದರೆ ಮೈ ಸುಟ್ಟುಹೋಗುತ್ತದೆ ಎಂಬ ಭಯಗಳು ನಮ್ಮಲ್ಲಿ ಗಟ್ಟಿಯಾಗಿವೆ. ಚಿಕಿತ್ಸೆಯ ಭಯಕ್ಕೆ ಆಧಾರವಿಲ್ಲದೆಯೂ ಇಲ್ಲ: ಕೀಮೋದಿಂದ ಕೂದಲು ಉದುರುತ್ತದೆ, ವಾಂತಿ ಬರುತ್ತದೆ, ಹೊಲ ಅಡವಿಡಬೇಕಾಗುತ್ತದೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಯಂಥ ಸರ್ಕಾರಿ ಆಸ್ಪತ್ರೆಯಲ್ಲಿ ಖರ್ಚು ಕಡಿಮೆಯಾದರೂ ದೂರದ ಊರಿನಿಂದ ಪದೇಪದೇ ಬಂದುಹೋಗುವುದು ಕೂಲಿಯವನಿಗೆ ಹಗುರವಲ್ಲ. ಇನ್ನು, ವೈದ್ಯರು ಏನೂ ಮಾಡಲಾಗದು ಎಂದು ಎರಡು ನಿಮಿಷದಲ್ಲಿ ಹೇಳಿ ಮನೆಗೆ ಕಳಿಸಿದ ಮೇಲೆ, ಕೂರಿಸಿ ಮಾತನಾಡುವ ನಾಟಿ ವೈದ್ಯನ ಬಳಿ ಹೋಗುವುದರಲ್ಲಿ ಅಚ್ಚರಿಯೇನು? ನೋವು ತಗ್ಗಿಸುವ ಉಪಶಾಮಕ ಆರೈಕೆ ಈ ತೆರಪನ್ನು ತುಂಬಬಲ್ಲದು. ಬೆಂಗಳೂರಿನ ಕರುಣಾಶ್ರಯದಂಥ ಕಡೆ ಅದು ಉಚಿತವಾಗಿ ಸಿಗುತ್ತದೆ; ಬಹುತೇಕ ತಾಲ್ಲೂಕುಗಳಲ್ಲಿ ಅದರ ಹೆಸರೂ ಗೊತ್ತಿಲ್ಲ.

ಭಾರತದ ಕಾನೂನು

ಭಾರತದಲ್ಲಿ ಇದಕ್ಕೆಂದೇ ಇರುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳ) ಕಾಯ್ದೆ. ಅದರ ಅನುಸೂಚಿಯಲ್ಲಿರುವ 54 ರೋಗಗಳಲ್ಲಿ ಕ್ಯಾನ್ಸರೂ ಒಂದು. ಇವನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದು ಅಪರಾಧ. ತಾಯಿತ, ಮಂತ್ರ, ಕವಚಗಳೂ ಇದರ ವ್ಯಾಪ್ತಿಯಲ್ಲಿವೆ. ಮೊದಲ ಸಲ ತಪ್ಪಿತಸ್ಥನಾದರೆ ಆರು ತಿಂಗಳವರೆಗೆ ಸೆರೆ ಅಥವಾ ದಂಡ. ದೆಹಲಿಯ ಹಮ್‌ದರ್ದ್ ದವಾಖಾನಾ ಈ ಕಾಯ್ದೆಯಿಂದ ವಾಕ್‌ಸ್ವಾತಂತ್ರ್ಯಕ್ಕೆ ಧಕ್ಕೆಯಾಗಿದೆಯೆಂದು ಸುಪ್ರೀಂ ಕೋರ್ಟಿಗೆ ಹೋದಾಗ, ಇಂಥ ವ್ಯಾಪಾರಿ ಜಾಹೀರಾತಿಗೆ ಆ ರಕ್ಷಣೆ ಇಲ್ಲವೆಂದು ನ್ಯಾಯಾಲಯ ಹೇಳಿತು, ಕೆಲವು ಅಂಶಗಳನ್ನು ಮಾತ್ರ ರದ್ದು ಮಾಡಿತು. ಕಾಯ್ದೆ ತಡೆಯುವುದು ಜಾಹೀರಾತನ್ನು. ಬಾಗಿಲಿಗೆ ಬಂದವನಿಗೆ ಔಷಧಿ ಕೊಡುವುದು ಇದರಡಿ ಬರುವುದಿಲ್ಲ. ಶಾಸ್ತ್ರಗ್ರಂಥಗಳಲ್ಲಿ ಹೇಳಿದಂತೆ ತಯಾರಿಸುವ ಆಯುರ್ವೇದ ಔಷಧಿಗೆ ಪರವಾನಗಿ ಪಡೆಯಲು ಹೊಸದಾಗಿ ರೋಗಿಗಳ ಮೇಲೆ ಪರೀಕ್ಷೆ ನಡೆಸಿ ತೋರಿಸಬೇಕಾಗಿಯೂ ಇಲ್ಲ.

ಆಯುಷ್ ಔಷಧಿಗಳ ಜಾಹೀರಾತಿಗೆ ರಾಜ್ಯದ ಅಧಿಕಾರಿಗಳ ಪೂರ್ವಾನುಮತಿ ಬೇಕೆಂಬ 170ನೆಯ ನಿಯಮವನ್ನು 2018ರಲ್ಲಿ ಸೇರಿಸಲಾಯಿತು. ಅದರಡಿ ಕ್ರಮ ಕೈಗೊಳ್ಳಬೇಡಿ ಎಂದು 2023ರ ಆಗಸ್ಟಿನಲ್ಲಿ ಆಯುಷ್ ಸಚಿವಾಲಯವೇ ರಾಜ್ಯಗಳಿಗೆ ಬರೆಯಿತು. ಪತಂಜಲಿ ಆಯುರ್ವೇದದ ಜಾಹೀರಾತುಗಳ ವಿರುದ್ಧ ಭಾರತೀಯ ವೈದ್ಯಕೀಯ ಸಂಘ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಪತ್ರವನ್ನು ಪ್ರಶ್ನಿಸಿತು. ಪತಂಜಲಿ ಸಂಸ್ಥೆಯವರು ಪತ್ರಿಕೆಗಳಲ್ಲಿ ಕ್ಷಮೆ ಕೇಳಿದರು. 2024ರ ಜುಲೈನಲ್ಲಿ ಸರ್ಕಾರ ಆ ನಿಯಮವನ್ನೇ ಕೈಬಿಟ್ಟಿತು, ಆಗಸ್ಟಿನಲ್ಲಿ ನ್ಯಾಯಾಲಯ ಅದಕ್ಕೆ ತಡೆ ನೀಡಿತು, ಮುಂದಿನ ವರ್ಷದ ಆಗಸ್ಟಿನಲ್ಲಿ ಪ್ರಕರಣವನ್ನೇ ಮುಕ್ತಾಯಗೊಳಿಸಿತು.

1954ರ ಕಾಯ್ದೆಯ ಪ್ರಕಾರ ಜಾಹೀರಾತೆಂದರೆ ಸೂಚನಾಪತ್ರ, ಸುತ್ತೋಲೆ, ಲೇಬಲ್ಲು, ಹೊದಿಕೆ, ಬಾಯಿಮಾತಿನ ಘೋಷಣೆ; ಅಷ್ಟೇ ಅಲ್ಲ, ಬೆಳಕು, ಶಬ್ದ ಅಥವಾ ಹೊಗೆಯ ಮೂಲಕ ಮಾಡುವ ಪ್ರಕಟಣೆಯೂ ಸೇರುತ್ತದೆ. ಅಂತರ್ಜಾಲವನ್ನೂ ವಿದ್ಯುನ್ಮಾನ ಮಾಧ್ಯಮವನ್ನೂ ಹೆಸರಿಸಿ, ರೋಗಗಳ ಸಂಖ್ಯೆಯನ್ನು 78ಕ್ಕೆ ಏರಿಸಿ, ಮೊದಲ ಅಪರಾಧಕ್ಕೆ ಎರಡು ವರ್ಷ ಸೆರೆ ಮತ್ತು 10 ಲಕ್ಷ ರೂಪಾಯಿವರೆಗೆ ದಂಡ ಸೂಚಿಸಿದ ತಿದ್ದುಪಡಿಯ ಕರಡನ್ನು ಆರೋಗ್ಯ ಸಚಿವಾಲಯ 2020ರ ಫೆಬ್ರುವರಿಯಲ್ಲಿ ಪ್ರಕಟಿಸಿ ಅಭಿಪ್ರಾಯ ಕೇಳಿತ್ತು. ಅದು ಕರಡಾಗಿಯೇ ಉಳಿದಿದೆ.